ಇ-ರೂಪಾಯಿಗೆ ಅನ್ವಯಿಸದ ಐದು ಕಲಂಗಳು, ಉಳಿದುಕೊಂಡ ಒಂದು ಕಲಂ

ಮಂಗಳೂರಲ್ಲೇ ಹುಟ್ಟಿದ ಕೆನರಾ ಬ್ಯಾಂಕಿನ ಡಿಜಿಟಲ್ ರುಪಿ ಆ್ಯಪ್‌ನಿಂದ ಅಂಗಡಿಯ ಯುಪಿಐ ಕ್ಯೂಆರ್‌ಗೂ ದುಡ್ಡು ಕೊಡಬಹುದು. ಹಾಗಾಗಿ ಹಲವರು ಇದನ್ನೂ ಯುಪಿಐ ಎಂದೇ ತಿಳಿಯುತ್ತಾರೆ. ಯುಪಿಐಯಲ್ಲಿ ಸಾಗುವುದು ನಮ್ಮ ಖಾತೆಯ ಠೇವಣಿ. ಈ ಆ್ಯಪ್‌ನಲ್ಲಿರುವ ಇ-ರೂಪಾಯಿ, ಅಂದರೆ ಡಿಜಿಟಲ್ ರುಪಿ, ಹಾಗಲ್ಲ, ಅದು ರಿಸರ್ವ್ ಬ್ಯಾಂಕೇ ಡಿಜಿಟಲ್ ರೂಪದಲ್ಲಿ ಹೊರಡಿಸುವ ನೋಟು, ಬಡ್ಡಿಯೂ ಇಲ್ಲ.

2022ರ ಹಣಕಾಸು ಕಾಯ್ದೆ, 1934ರ ಆರ್‌ಬಿಐ ಕಾಯ್ದೆಯಲ್ಲಿನ ಬ್ಯಾಂಕ್ ನೋಟಿನ ವ್ಯಾಖ್ಯೆಗೆ ಡಿಜಿಟಲ್ ರೂಪವನ್ನೂ ಸೇರಿಸಿತು. ಜೊತೆಗೆ ಬಂದ 22ಎ ಕಲಂ ಪ್ರಕಾರ 24, 25, 27, 28 ಮತ್ತು 39ನೇ ಕಲಂಗಳು ಡಿಜಿಟಲ್ ನೋಟಿಗೆ ಅನ್ವಯಿಸುವುದಿಲ್ಲ. ನೋಟಿನ ವಿನ್ಯಾಸದ ನಿಯಮ, ಹರಿದ ನೋಟನ್ನು ಮತ್ತೆ ಚಲಾವಣೆಗೆ ಬಿಡಬಾರದೆಂಬ ನಿಯಮ ಇಲ್ಲಿ ಬೇಕಿಲ್ಲ, ಸರಿ. 24 ಹೋದಾಗ ಮುಖಬೆಲೆಗಿದ್ದ 10,000 ರೂಪಾಯಿಯ ಮಿತಿಯೂ ಹೋಯಿತು.

ನನ್ನ ತಕರಾರು 28ರ ಬಗ್ಗೆ. ಕಳೆದುಹೋದ, ಕಳುವಾದ, ಹರಿದ ನೋಟಿನ ಬೆಲೆಯನ್ನು ಹಕ್ಕೆಂದು ಕೇಳುವಂತಿಲ್ಲ, ಆದರೆ ನಿಯಮ ಮಾಡಿ ಕೃಪೆಯಿಂದ ಮರುಪಾವತಿಸಬಹುದು ಎನ್ನುತ್ತದೆ ಅದು. ಹರಿದ ನೋಟನ್ನು ಬ್ಯಾಂಕಿನಲ್ಲಿ ಬದಲಿಸಿಕೊಳ್ಳುವ 2009ರ ಮರುಪಾವತಿ ನಿಯಮಗಳ ಬೇರು ಇಲ್ಲೇ ಇದೆ. ಡಿಜಿಟಲ್ ನೋಟಿಗೆ ಆ ನಿರಾಕರಣೆಯೂ ಇಲ್ಲ, ಆ ಕೃಪೆಯೂ ಇಲ್ಲ. ಮೊಬೈಲು ಕಡಲಿಗೆ ಬಿದ್ದರೆ ವಾಲೆಟ್ ಹೇಗೆ ಮರಳುತ್ತದೆ, ಪಿನ್ ಕದ್ದವನು ಖರ್ಚು ಮಾಡಿದರೆ ನಷ್ಟ ಯಾರದು ಎಂಬುದಕ್ಕೆ ಸದ್ಯ ನೋಡಬೇಕಾದದ್ದು ಆ್ಯಪ್‌ನ ಷರತ್ತುಗಳನ್ನು. ಇದು ಕಾಯ್ದೆಯಲ್ಲೇ ಬರಬೇಕು.

26ನೇ ಕಲಂ ಡಿಜಿಟಲ್ ನೋಟಿಗೂ ಹಾಗೇ ಉಳಿದಿದೆ: ನೋಟು ಭಾರತದ ಯಾವುದೇ ಜಾಗದಲ್ಲಿ ಕಾನೂನುಬದ್ಧ ಚಲಾವಣೆ. ಆದರೆ 2024ರ ಫೆಬ್ರುವರಿಯಲ್ಲಿ ಆರ್‌ಬಿಐ, ನಿರ್ದಿಷ್ಟ ಉದ್ದೇಶಕ್ಕೆ ಮಾತ್ರ ಖರ್ಚಾಗುವಂತೆ ಪ್ರೋಗ್ರಾಮ್ ಮಾಡಿದ ಇ-ರೂಪಾಯಿಯನ್ನು ಪ್ರಯೋಗಕ್ಕೆ ತರುವುದಾಗಿ ಹೇಳಿತು. ಮಲ್ಪೆಯ ಬೋಟಿನ ಮಾಲಕರು ಡೀಸೆಲ್ಲಿಗೆಂದು ಕಟ್ಟಿಹಾಕಿದ ಹಣವನ್ನು ಬೋಟು ನಡೆಸುವ ತಾಂಡೇಲರ ವಾಲೆಟ್ಟಿಗೆ ಹಾಕಿದರು ಎನ್ನಿ. ಬಂಕಿನಲ್ಲಿ ಅದು ನಡೆಯುತ್ತದೆ. ಐಸ್ ಪ್ಲಾಂಟಿನವರಿಗೆ, ಬಲೆ ಹೊಲಿಯುವವರಿಗೆ ಕೊಡಲಾಗದು. ಅದಕ್ಕೆ ಅವಧಿಯನ್ನೂ ಗೊತ್ತುಮಾಡಿದ್ದರೆ, ಅದು ಮುಗಿದ ಮೇಲೆ ಎಲ್ಲೂ ನಡೆಯದು. ಸರಕಾರ 26(2)ರಡಿ ನೋಟಿನ ಚಲಾವಣೆ ನಿಲ್ಲಿಸಬೇಕಾದರೆ ಆರ್‌ಬಿಐ ಕೇಂದ್ರ ಮಂಡಳಿಯ ಶಿಫಾರಸು ಬೇಕು, ಗೆಜೆಟ್ ಅಧಿಸೂಚನೆ ಬೇಕು. ಅದೇ ಕೆಲಸವನ್ನು ಹಣ ಕೊಟ್ಟವರ ಒಂದು ಸೆಟ್ಟಿಂಗ್ ಮಾಡಬಹುದೇ? ನನ್ನ ಓದಿನಲ್ಲಿ, 26ಕ್ಕೆ ತಿದ್ದುಪಡಿ ಇಲ್ಲದೆ ಇಂಥದ್ದನ್ನು ‘ನೋಟು’ ಎನ್ನಲಾಗದು, ಅದು ವೋಚರು.

ಕೂಲಿಗೋ ಸಬ್ಸಿಡಿಗೋ ಇಂಥ ಹಣ ಬಂದರೆ ಒಪ್ಪುವ ಮೊದಲೇ ಕೇಳಿಕೊಳ್ಳಿ: ಎಲ್ಲೆಲ್ಲಿ ನಡೆಯುತ್ತದೆ, ಯಾವ ತಾರೀಕಿನವರೆಗೆ, ಖಾತೆಗೆ ವಾಪಸು ಹಾಕಿಕೊಳ್ಳಬಹುದೇ. ಉತ್ತರವನ್ನು ಬರಹದಲ್ಲೇ ಪಡೆಯಿರಿ.