ಟರ್ಬೊ ಕಾರಿನ ಹಿಂಜರಿಕೆ ಒಂದು, ನಡುಕ ಇನ್ನೊಂದು

ಆ ಕಾರು ಮೊದಲ ಸಲ ಬಂದಾಗ ಮಾಲೀಕರು ಹೇಳಿದ್ದನ್ನು ಜಾಬ್ ಕಾರ್ಡಿನ ಮೇಲೆ ಹಾಗೆಯೇ ಒಂದು ಸಾಲಿನಲ್ಲಿ ಬರೆದುಕೊಂಡಿದ್ದೆ: “ಪಿಕಪ್ ತಗೊಳ್ಳಲ್ಲ, ಜರ್ಕ್ ಹೊಡೆಯುತ್ತೆ.” ಅಲ್ಪವಿರಾಮದ ಆಚೆ ಈಚೆ ಇದ್ದವು ಎರಡು ಬೇರೆ ಬೇರೆ ದೂರುಗಳು ಎಂಬುದು ನನಗೆ ಹೊಳೆದದ್ದು ಅದೇ ಕಾರು ಐದು ದಿನಗಳಲ್ಲಿ ಮರಳಿ ಬಂದ ಮೇಲೆ.

ಅದು ನಾಲ್ಕು ಸಿಲಿಂಡರಿನ, ಡೈರೆಕ್ಟ್ ಇಂಜೆಕ್ಷನ್ ಇರುವ ಟರ್ಬೊ (ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಸಾಧನ) ಪೆಟ್ರೋಲ್ ಎಂಜಿನ್, ಗೇರ್‌ಬಾಕ್ಸ್ ಮ್ಯಾನ್ಯುಯಲ್. ಸ್ಕ್ಯಾನರ್ ಹಾಕಿದೊಡನೆ ಪಿ0303 ಎಂಬ ಕೋಡ್, ಅಂದರೆ ಮೂರನೆಯ ಸಿಲಿಂಡರಿನಲ್ಲಿ ಮಿಸ್‌ಫೈರ್ (ಇಂಧನ ಸರಿಯಾಗಿ ಉರಿಯದಿರುವುದು) ಎಂಬ ಕೋಡ್, ಕಂಡಿತು. ಕೋಡ್ ಸಿಲಿಂಡರಿನ ಸಂಖ್ಯೆಯನ್ನು ಹೇಳುತ್ತದೆಯೇ ಹೊರತು ಕೆಟ್ಟಿರುವ ಬಿಡಿಭಾಗದ ಹೆಸರನ್ನಲ್ಲ ಎಂದು ಕಲಿಯಲು ಬಂದ ಹುಡುಗರಿಗೆ ನಾನೇ ಎಷ್ಟೋ ಬಾರಿ ಹೇಳಿದ್ದೇನೆ. ಆದರೂ ಅಂದು ಕೆಲಸದ ಒತ್ತಡದಲ್ಲಿ ಆ ಸಿಲಿಂಡರಿನ ಪ್ಲಗ್ಗಿಗೆ ಕಿಡಿಯ ವೋಲ್ಟೇಜ್ ಕೊಡುವ ಇಗ್ನಿಷನ್ ಕಾಯಿಲನ್ನು ಬದಲಿಸಿ, ಗ್ಯಾರೇಜಿನ ಸುತ್ತ ಎರಡನೆಯ ಗೇರಿನಲ್ಲಿ ಮೆಲ್ಲಗೆ ಒಂದು ಸುತ್ತು ಹಾಕಿ, ಕೋಡ್ ಅಳಿಸಿ ಕಾರನ್ನು ಒಪ್ಪಿಸಿಬಿಟ್ಟೆ. ಮೂರನೆಯ ಸಿಲಿಂಡರಿನ ಕಾಯಿಲನ್ನು ಒಂದನೆಯದಕ್ಕೆ ಹಾಕಿ, ಮಿಸ್‌ಫೈರ್ ಕಾಯಿಲಿನ ಜೊತೆಗೆ ಹೋಗುತ್ತದೆಯೋ ಅಥವಾ ಅಲ್ಲಿಯೇ ಉಳಿಯುತ್ತದೆಯೋ ಎಂದು ನೋಡಲು ಹತ್ತು ನಿಮಿಷ ಸಾಕಾಗುತ್ತಿತ್ತು.

ಎರಡನೆಯ ಬಾರಿ ಬಂದಾಗ ಮಾಲೀಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಓಡಿಸಿದೆ. ಮೂರನೆಯ ಗೇರಿನಲ್ಲಿ, 1,800 ಆರ್‌ಪಿಎಂನಿಂದ ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಎಂಜಿನ್ ಒಂದು ಕ್ಷಣ ಯೋಚಿಸುವಂತೆ ನಿಂತು, ಆಮೇಲೆ ಸೋಮಾರಿಯಾಗಿ ಏರುತ್ತಿತ್ತು. ನಡುಕ ಇರಲೇ ಇಲ್ಲವೆನ್ನುವಷ್ಟು ಕಡಿಮೆಯಿತ್ತು. ಕಾಯಿಲ್ ಹಾಕಿದ್ದರಿಂದಲೇ ಅದು ಹೋಯಿತು ಎಂದು ನಂಬಿಕೊಂಡು, ಉಳಿದಿರುವ ಹಿಂಜರಿಕೆ ಹೊಸ ಸಮಸ್ಯೆ ಎಂದುಕೊಂಡೆ. ಎರಡೂ ಊಹೆಗಳು ತಪ್ಪಾಗಿದ್ದವು.

ಈ ಸಲ ಸಹೋದ್ಯೋಗಿಯೊಬ್ಬರು ಓಡಿಸುತ್ತಿರುವಾಗ ಸ್ಕ್ಯಾನರಿನಲ್ಲಿ ಮಾಹಿತಿಯನ್ನು ದಾಖಲಿಸಿಕೊಂಡೆ. ಒಬ್ಬರೇ ಓಡಿಸುತ್ತ ಪರದೆ ನೋಡುವುದು ಅಪಾಯ. ಅಲ್ಲದೆ ಅರ್ಧ ಸೆಕೆಂಡಿನಲ್ಲಿ ನಡೆದುಹೋಗುವುದನ್ನು ಕಣ್ಣು ಹಿಡಿಯುವುದೂ ಇಲ್ಲ. ಎಂಜಿನ್ ಚಾಲೂ ಮಾಡುವ ಮೊದಲೇ ಇಗ್ನಿಷನ್ ಆನ್ ಮಾಡಿ ನೋಡಿದಾಗ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಅಳೆಯುವ ಸೆನ್ಸರ್ ಮತ್ತು ವಾತಾವರಣದ ಒತ್ತಡ ಅಳೆಯುವ ಸೆನ್ಸರ್ ಎರಡೂ ಒಂದೇ ಅಂಕಿಯನ್ನು ತೋರಿಸುತ್ತಿದ್ದವು. ಎಂಜಿನ್ ನಿಂತಿರುವಾಗ ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಒಳಗಿರುವುದೂ ಹೊರಗಿನ ಗಾಳಿಯೇ ಆದ್ದರಿಂದ ಇವೆರಡು ಹೊಂದಬೇಕು. ಹೊಂದದಿದ್ದರೆ ಬೇರೆ ಯಾವುದನ್ನೂ ನಂಬುವಂತಿಲ್ಲ. ರಸ್ತೆಯಲ್ಲಿ, ಪೂರ್ತಿ ಒತ್ತಿದ ಸ್ಥಿತಿಯಲ್ಲಿ, ಎಂಜಿನ್ನಿನ ಕಂಪ್ಯೂಟರ್ ಕೇಳುತ್ತಿದ್ದ ಒತ್ತಡ 180 ಕಿಲೋಪಾಸ್ಕಲ್, ಸಿಗುತ್ತಿದ್ದದ್ದು 145. ಇಂಜೆಕ್ಟರುಗಳಿಗೆ ಇಂಧನ ಹಂಚುವ ರೈಲಿನ ಒತ್ತಡ ಕೇಳಿದ 150 ಬಾರ್‌ನ ಹತ್ತಿರವೇ ನಿಂತಿತ್ತು, ಹಾಗಾಗಿ ಹೈ ಪ್ರೆಷರ್ ಪಂಪನ್ನು ಸಂಶಯದಿಂದ ಬಿಟ್ಟೆ. ಬೂಸ್ಟ್ ಕಡಿಮೆಯಿದ್ದರೂ ವೇಸ್ಟ್‌ಗೇಟಿಗೆ (ಟರ್ಬೊವನ್ನು ತಿರುಗಿಸುವ ಹೊಗೆಯನ್ನು ಪಕ್ಕಕ್ಕೆ ಬಿಡುವ ಕವಾಟ) ಹೋಗುತ್ತಿದ್ದ ಆಜ್ಞೆ ಬಹುತೇಕ ಪೂರ್ತಿ ಮುಚ್ಚು ಎಂಬಷ್ಟಿತ್ತು. ಜೊತೆಗೆ ಕಂಪ್ಯೂಟರ್ ಇಂಧನವನ್ನು ಶೇಕಡಾ 12ರಷ್ಟು ಕಡಿತ ಮಾಡುತ್ತಿತ್ತು.

ಈ ಕೊನೆಯ ಎರಡು ಅಂಕಿಗಳನ್ನು ಜೋಡಿಸಿ ಓದಬೇಕು. ಈ ಎಂಜಿನ್ನಿನಲ್ಲಿ ಗಾಳಿಯನ್ನು ಅಳೆಯುವ ಮಾಸ್ ಏರ್ ಫ್ಲೋ ಸೆನ್ಸರ್ ಟರ್ಬೊಗಿಂತ ಮೊದಲು, ಏರ್ ಫಿಲ್ಟರಿನ ಪಕ್ಕದಲ್ಲಿದೆ. ಅದರ ಮುಂದೆ ಹಾದುಹೋದ ಗಾಳಿಗೆಲ್ಲ ಕಂಪ್ಯೂಟರ್ ಇಂಧನದ ಲೆಕ್ಕ ಹಾಕುತ್ತದೆ. ಟರ್ಬೊ ಮತ್ತು ಥ್ರಾಟಲ್ (ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಕವಾಟ) ನಡುವೆ ಎಲ್ಲಿಯಾದರೂ ಆ ಗಾಳಿ ಹೊರಗೆ ಹೋದರೆ, ಲೆಕ್ಕಕ್ಕೆ ಸಿಕ್ಕ ಗಾಳಿ ಸಿಲಿಂಡರ್ ಮುಟ್ಟುವುದಿಲ್ಲ. ಇಂಧನ ಮಾತ್ರ ಮುಟ್ಟುತ್ತದೆ. ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗುತ್ತದೆ, ಆಕ್ಸಿಜನ್ ಸೆನ್ಸರ್ ಅದನ್ನು ಕಂಡು ಕಡಿತ ಮಾಡಿಸುತ್ತದೆ. ಟರ್ಬೊ ಪಾಪ ತೂತು ಬಿದ್ದ ಕೊಡಕ್ಕೆ ನೀರು ಸುರಿಯುವವರಂತೆ ಇನ್ನಷ್ಟು ವೇಗವಾಗಿ ತಿರುಗುತ್ತ ಬಡಿದಾಡುತ್ತದೆ. ಐಡ್ಲಿಂಗ್‌ನಲ್ಲಿ ಆ ಭಾಗದಲ್ಲಿ ಹೆಚ್ಚಿನ ಒತ್ತಡವೇ ಇಲ್ಲದಿರುವುದರಿಂದ ನಿಂತ ಕಾರಿನಲ್ಲಿ ಏನೂ ಗೊತ್ತಾಗುವುದಿಲ್ಲ.

ಸೋರಿಕೆ ಇದೆ ಎಂದು ಖಚಿತವಾದರೂ ಸ್ಥಳ ಸಿಗಲಿಲ್ಲ. ಸ್ಮೋಕ್ ಮೆಷಿನ್ ಹಾಕಿದರೆ ಹೊಗೆ ಎಲ್ಲಿಯೂ ಬರಲಿಲ್ಲ. ಆ ಯಂತ್ರ ಬಹಳ ಕಡಿಮೆ ಒತ್ತಡದಲ್ಲಿ ಹೊಗೆ ತುಂಬುತ್ತದೆ. ಸೀಳಿದ ರಬ್ಬರಿನ ತುಟಿಗಳು ಅಷ್ಟಕ್ಕೆ ಬಾಯಿ ಬಿಡುವುದಿಲ್ಲ. ಆಮೇಲೆ ಟರ್ಬೊದ ಬಾಯಿಗೆ ಬಿರಡೆ ಹಾಕಿ, ರೆಗ್ಯುಲೇಟರ್ ಮೂಲಕ 0.7 ಬಾರ್ ಗಾಳಿ ಕೊಟ್ಟು ಸೋಪಿನ ನೀರು ಸಿಂಪಡಿಸಿದೆ. ಆಗಲೂ ಒಂದೆರಡು ಗುಳ್ಳೆಗಳ ಹೊರತು ಏನೂ ಇಲ್ಲ. ಬೇಸರದಿಂದ ಟರ್ಬೊದ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನಿಂದ ಮೇಲೆ ಬರುವ ಹೋಸ್ ಹಿಡಿದು ಎಂಜಿನ್ನಿನ ಕಡೆಗೆ ಎಳೆದಾಗ, ಕೈಕೆಳಗೆ “ಉಸ್ಸ್” ಎಂದು ಗಾಳಿ ಹೊರಟು ಬೆರಳು ತಣ್ಣಗಾಯಿತು. ಕನ್ನಡಿ ಹಿಡಿದು ನೋಡಿದರೆ ಕ್ಲ್ಯಾಂಪಿನ ಅಂಚಿಗೆ, ಹೋಸಿನ ತಳಭಾಗದಲ್ಲಿ, ಸುಮಾರು ಎರಡು ಸೆಂಟಿಮೀಟರ್ ಉದ್ದದ ಸೀಳು ಇತ್ತು. ಅದರ ಸುತ್ತ ಎಣ್ಣೆಯ ಜಿಡ್ಡಿಗೆ ಧೂಳು ಮೆತ್ತಿಕೊಂಡು ಕಪ್ಪು ಗಡ್ಡದಂತೆ ಬೆಳೆದಿತ್ತು. ಟರ್ಬೊ ಕೊಳವೆಗಳ ಒಳಗೆ ತೆಳುವಾದ ಎಣ್ಣೆಯ ಪಸೆ ಇರುವುದು ಸಹಜ, ಆದರೆ ಹೊರಗೆ ಇರಬಾರದು. ಆ ಕಪ್ಪು ಗುರುತನ್ನು ಮೊದಲ ದಿನವೇ ಟಾರ್ಚ್ ಹಿಡಿದು ಹುಡುಕಬಹುದಿತ್ತು. ಲೋಡ್ ಬಿದ್ದಾಗ ಎಂಜಿನ್ ತನ್ನ ಮೌಂಟುಗಳ ಮೇಲೆ ವಾಲುತ್ತದೆ, ಅದರೊಂದಿಗೆ ಹೋಸ್ ಎಳೆದುಕೊಂಡು ಸೀಳು ಅಗಲವಾಗುತ್ತದೆ. ನನ್ನ ಕೈ ಮಾಡಿದ್ದು ಅದನ್ನೇ.

ಹೋಸ್ ಮತ್ತು ಕ್ಲ್ಯಾಂಪ್ ಬದಲಿಸಿ ರಸ್ತೆಗೆ ಒಯ್ದಾಗ ಬೂಸ್ಟ್ ಕೇಳಿದಷ್ಟು ಬಂತು, ಹಿಂಜರಿಕೆ ಸಂಪೂರ್ಣ ಹೋಯಿತು. ಆದರೆ 2,400 ಆರ್‌ಪಿಎಂ ದಾಟುತ್ತಿದ್ದಂತೆ ಇಡೀ ಕಾರು ನಡುಗಿ, ಚೆಕ್ ಎಂಜಿನ್ ದೀಪ ಮಿನುಗತೊಡಗಿತು. ಅದು ಮಿನುಗಿತೆಂದರೆ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುವಷ್ಟು ಮಿಸ್‌ಫೈರ್ ಆಗುತ್ತಿದೆ ಎಂದೇ ಅರ್ಥ. ಕೂಡಲೇ ಕಾಲು ತೆಗೆದೆ. ಸರಿಮಾಡಲು ಹೋಗಿ ಕೆಡಿಸಿದೆನೇ ಎಂಬ ಭಯ ಆ ಕ್ಷಣ ಬಂದದ್ದು ನಿಜ.

ನಡುಕ ಎಂಜಿನ್ನಿನದೋ ಚಕ್ರದ ಕಡೆಯದೋ ಎಂದು ಮೊದಲು ಬೇರ್ಪಡಿಸಿಕೊಳ್ಳುವುದು ವಾಡಿಕೆ. 2,400 ಆರ್‌ಪಿಎಂನಲ್ಲಿ ಒಂದು ಸಿಲಿಂಡರ್ ಕೈಕೊಟ್ಟರೆ ಸೆಕೆಂಡಿಗೆ 20 ಏಟು ಬೀಳುತ್ತದೆ, ಏಕೆಂದರೆ ಪ್ರತಿ ಸಿಲಿಂಡರ್ ಎರಡು ಸುತ್ತಿಗೆ ಒಮ್ಮೆ ಉರಿಯುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸುಮಾರು ಎರಡು ಮೀಟರ್ ಸುತ್ತಳತೆಯ ಚಕ್ರ ಸೆಕೆಂಡಿಗೆ ಎಂಟು ಬಾರಿ ತಿರುಗುತ್ತದೆ. ಆಕ್ಸಲಿನ ಒಳಗಿನ ಮೂರು ರೋಲರಿನ ಜಾಯಿಂಟ್ ಸವೆದಿದ್ದರೆ ಅದರ ಮೂರು ಪಟ್ಟು, ಅಂದರೆ ಸುಮಾರು 25 ಏಟು. 20ಕ್ಕೂ 25ಕ್ಕೂ ಇರುವ ವ್ಯತ್ಯಾಸವನ್ನು ಸೀಟಿನಲ್ಲಿ ಕುಳಿತು ಹೇಳಬಲ್ಲೆ ಎನ್ನುವವರನ್ನು ನಾನು ನಂಬುವುದಿಲ್ಲ. ಅದಕ್ಕಿಂತ ಅದೇ ವೇಗವನ್ನು ಇಟ್ಟುಕೊಂಡು ಗೇರ್ ಬದಲಿಸುವುದು ಮೇಲು: ನಡುಕದ ಲಯ ಹಾಗೆಯೇ ಉಳಿದರೆ ಚಕ್ರದ ಕಡೆ, ಬದಲಾದರೆ ಎಂಜಿನ್ ಕಡೆ. ಇಲ್ಲಿ ಬದಲಾಯಿತು. ಆಟೊಮ್ಯಾಟಿಕ್ ಆಗಿದ್ದರೆ ಟಾರ್ಕ್ ಕನ್ವರ್ಟರಿನ ಲಾಕ್‌ಅಪ್ ಕ್ಲಚ್ಚನ್ನೂ ಅನುಮಾನಿಸಬೇಕಿತ್ತು. ಅದರ ನಡುಕ ಹಗುರ ಆಕ್ಸಿಲರೇಟರಿನಲ್ಲಿ ಬರುತ್ತದೆ ಮತ್ತು ಮಿಸ್‌ಫೈರ್ ಎಂದೇ ಮೋಸ ಮಾಡುತ್ತದೆ.

ಪ್ಲಗ್ಗುಗಳನ್ನು ಬಿಚ್ಚಿ ಫೀಲರ್ ಗೇಜಿನಿಂದ ಅಳೆದಾಗ ನಾಲ್ಕರಲ್ಲೂ ಕಿಡಿ ಹಾರುವ ಅಂತರ 1.1 ಮಿಲಿಮೀಟರಿನ ಆಸುಪಾಸು ಇತ್ತು, ಮೂರನೆಯದರಲ್ಲಿ ಇನ್ನೂ ತುಸು ಹೆಚ್ಚು. ಇರಬೇಕಾದದ್ದು 0.75. ಮೊದಲ ದಿನ ಪ್ಲಗ್ಗಿನ ತುದಿಯ ಬಣ್ಣ ನೋಡಿ ಚೆನ್ನಾಗಿದೆ ಎಂದು ಬಿಟ್ಟಿದ್ದೆ, ಅಳೆದಿರಲಿಲ್ಲ. ಸಿಲಿಂಡರಿನ ಒಳಗೆ ಒತ್ತಡ ಹೆಚ್ಚಿದಷ್ಟೂ, ಅಂತರ ಅಗಲವಾದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಹೋಸ್ ಸೋರುತ್ತಿದ್ದಷ್ಟು ದಿನ ಒತ್ತಡ ಏರುತ್ತಲೇ ಇರಲಿಲ್ಲ, ಸವೆದ ಪ್ಲಗ್ಗುಗಳು ಹೇಗೋ ನಿಭಾಯಿಸುತ್ತಿದ್ದವು. ಸೀಳು ಸಣ್ಣದಾಗಿದ್ದಾಗ ನಡುಕ, ದೊಡ್ಡದಾದಂತೆ ಹಿಂಜರಿಕೆ. ನಾನು ಕಾಯಿಲಿಗೆ ಕೊಟ್ಟ ಹೆಚ್ಚಿನ ಶ್ರೇಯಸ್ಸು ಆ ಸೀಳಿಗೆ ಸಲ್ಲಬೇಕಿತ್ತು. ಅದನ್ನು ಮುಚ್ಚಿದಾಗ ಪ್ಲಗ್ಗಿನ ದೋಷ ತಲೆಯೆತ್ತಿತು.

ಹೊಸ ಪ್ಲಗ್ಗುಗಳ ಅಂತರವನ್ನು ಹಾಕುವ ಮೊದಲೇ ಅಳೆದು, ಟಾರ್ಕ್ ವ್ರೆಂಚಿನಿಂದ ಬಿಗಿದೆ. ಅದೇ ರಸ್ತೆ, ಅದೇ ಮೂರನೆಯ ಗೇರ್, ಅದೇ 1,800ರಿಂದ ಮೇಲಕ್ಕೆ ಮೂರು ಬಾರಿ ಎಳೆಸಿದಾಗ ನಾಲ್ಕೂ ಸಿಲಿಂಡರುಗಳ ಮಿಸ್‌ಫೈರ್ ಎಣಿಕೆ ಸೊನ್ನೆಯಲ್ಲೇ ನಿಂತಿತು. ಕಾರನ್ನು ಒಪ್ಪಿಸುವ ಮೊದಲು ಮೂರನೆಯ ಸಿಲಿಂಡರಿಗೆ ಹಳೆಯ ಕಾಯಿಲನ್ನೇ ತಿರುಗಿ ಹಾಕಿ ಮತ್ತೊಮ್ಮೆ ಓಡಿಸಿದೆ. ಎಣಿಕೆ ಸೊನ್ನೆಯಿಂದ ಅಲುಗಲಿಲ್ಲ. ಹೊಸ ಕಾಯಿಲಿನ ಹಣವನ್ನು ಬಿಲ್ಲಿನಿಂದ ಕಳೆದು, ಏನಾಯಿತೆಂದು ಮಾಲೀಕರಿಗೆ ವಿವರಿಸಿದೆ. ಜಾಬ್ ಕಾರ್ಡಿನಲ್ಲಿ ಈಗ ದೂರಿಗೆ ಒಂದರ ಬದಲು ಎರಡು ಸಾಲು ಬಿಟ್ಟಿದ್ದೇನೆ. ಪ್ರತಿಯೊಂದರ ಎದುರು ಗೇರ್, ಆರ್‌ಪಿಎಂ ಮತ್ತು ಆಕ್ಸಿಲರೇಟರ್ ಎಷ್ಟು ಒತ್ತಿದಾಗ ಎಂದು ಬರೆಯಲು ಜಾಗವಿದೆ.