ಅಪ್ಪೆಮಿಡಿಗೊಂದು ದಪ್ಪ ಅಕ್ಷರ

20 ಏಪ್ರಿಲ್ 2025, ಭಾನುವಾರ
ಶಿವಮೊಗ್ಗ

ಸಾಗರದ ಅತ್ತಿಗೆ ಈ ವರ್ಷದಿಂದ ಅಪ್ಪೆಮಿಡಿ ಉಪ್ಪಿನಕಾಯಿ ಮಾರಲು ಹೊರಟಿದ್ದಾರೆ. ಮಿಡಿಗಳು ಉಪ್ಪಿನಲ್ಲಿ ಮುರುಟುತ್ತಿವೆಯಂತೆ. ಬಾಟಲಿಗೆ ಲೇಬಲ್ ಮಾಡುವ ಕೆಲಸ ನನ್ನದು. "ಅಂಗಡಿಯಲ್ಲಿ ದೂರದಿಂದಲೇ ಕಾಣ್ಬೇಕು ಮಾರಾಯ, ಮುಖದಲ್ಲಿ ನಗು ಇರ್ಬೇಕು" ಅಂದಿದ್ದರು.

ಅದಕ್ಕೇ 'ಬಾಲೂ ತಮ್ಮ' ಅನ್ನುವ ಕನ್ನಡ ಫಾಂಟ್ ಆರಿಸಿದೆ. ಮುಂಬೈನ ಏಕ್ ಟೈಪ್ ತಂಡದ್ದು. ದುಡ್ಡಿಲ್ಲದೆ ಸಿಗುತ್ತದೆ. ಮುಕ್ತ ಪರವಾನಗಿ ಇರುವುದರಿಂದ ಮಾರುವ ಸಾಮಾನಿನ ಲೇಬಲ್‌ಗೂ ಧಾರಾಳವಾಗಿ ಬಳಸಬಹುದು. ಅಕ್ಷರಗಳು ಹೊಟ್ಟೆ ತುಂಬಿದ ಮಗುವಿನ ಹಾಗೆ ಗುಂಡು ಗುಂಡಾಗಿವೆ.

ನಮ್ಮಲ್ಲಿ ಜಾಸ್ತಿ ಜನ ಸಪೂರ ಫಾಂಟಿಗೆ ಬೋಲ್ಡ್ ಬಟನ್ ಒತ್ತಿ ಬಿಡುತ್ತಾರೆ. ಆ ಫಾಂಟಿಗೆ ಬೋಲ್ಡ್ ರೂಪವೇ ಇಲ್ಲದಿದ್ದರೆ ಸಾಫ್ಟ್‌ವೇರ್ ಗೆರೆಗಳನ್ನು ಸುಮ್ನೆ ಉಬ್ಬಿಸುತ್ತದೆ. ಕನ್ನಡದ ಅಕ್ಷರಕ್ಕೆ ಅದು ಆಗಿಬರುವುದಿಲ್ಲ. ಹೊಟ್ಟೆಯೊಳಗಿನ ಬಿಳಿ ಜಾಗವೇ ಮುಚ್ಚಿಹೋಗುತ್ತದೆ. ಥ ಒಳಗಿನ ಚುಕ್ಕಿ ಗೆರೆಗೆ ಅಂಟಿಕೊಳ್ಳುತ್ತದೆ. ದಪ್ಪ ಅಕ್ಷರ ಬರೆಯುವವರು ಕಪ್ಪಿಗಿಂತ ಮೊದಲು ಆ ಬಿಳಿಯನ್ನು ಕಾಪಾಡಬೇಕು. ಬಾಲೂ ತಮ್ಮದಲ್ಲಿ ಆ ಶ್ರದ್ಧೆ ಎದ್ದು ಕಾಣುತ್ತದೆ. ನನಗೆ ಅದರ ಮೇಲೆ ಪ್ರೀತಿ ಹುಟ್ಟಿದ್ದೇ ಅಲ್ಲಿ.

ಇವತ್ತು ಹೆಚ್ಚು ಹೊತ್ತು ಹಿಡಿದದ್ದು ಒತ್ತಕ್ಷರ. ಮೇಲಿನ ಸಾಲು 'ಅಪ್ಪೆಮಿಡಿ', ಕೆಳಗಿನದು 'ಉಪ್ಪಿನಕಾಯಿ'. ಎರಡರಲ್ಲೂ ಎರಡನೇ ಅಕ್ಷರವೇ ಒತ್ತಿನದು! ಮೇಲಿನ ಪ್ಪೆಯ ಒತ್ತು ಇಳಿದು ಬಂದು ಕೆಳಗಿನ ಪ್ಪಿಯ ಗುಡಿಸಿನ ಮೇಲೆ ಕೂರುತ್ತಿತ್ತು. ಸಾಲುಗಳ ನಡುವೆ ಜಾಗ ಬಿಟ್ಟರೆ ಲೇಬಲ್ ಸಡಿಲವಾಗುತ್ತದೆ. ಕೊನೆಗೆ ಕೆಳಗಿನ ಸಾಲನ್ನು ಎರಡು ಅಕ್ಷರದಷ್ಟು ಬಲಕ್ಕೆ ಸರಿಸಿದೆ. ಒತ್ತು ಈಗ ಉ ಎಡಪಕ್ಕದ ಖಾಲಿ ಜಾಗದಲ್ಲಿ ಆರಾಮಾಗಿ ಕೂತಿದೆ. ಎರಡೂ ಸಾಲು ಒಂದನ್ನೊಂದು ಹಿಡಿದುಕೊಂಡ ಹಾಗಾಯಿತು.

'ಶುದ್ಧ ಮನೆ ತಯಾರಿ' ಅನ್ನುವ ಚಿಕ್ಕ ಸಾಲಿಗೆ ಈ ದಪ್ಪ ಬೇಡ. ಆ ಅಳತೆಯಲ್ಲಿ ಧ ಒತ್ತಿನ ಸೀಳು ಶಾಯಿಯಲ್ಲಿ ತುಂಬಿಕೊಂಡು 'ಶುದ್ದ' ಆಗುತ್ತದೆ. ಅಲ್ಲಿಗೆ ಇದೇ ಫಾಂಟಿನ ಮುಂದಿನ ಆವೃತ್ತಿ 'ಬಾಲೂ ತಮ್ಮ 2'ರ ತೆಳು ರೂಪ ಹಾಕಿದೆ. ಅದರಲ್ಲಿ ಐದು ದಪ್ಪಗಳಿವೆ.

ಮಕ್ಕಳ ಪುಸ್ತಕದ ಮುಖಪುಟ, ಶಾಲಾ ವಾರ್ಷಿಕೋತ್ಸವದ ಬ್ಯಾನರ್, ಜ್ಯೂಸ್ ಅಂಗಡಿಯ ಬೋರ್ಡು, ಇಲ್ಲೆಲ್ಲ ಇಂಥ ಅಕ್ಷರ ಚೆನ್ನ. ಬಸ್ ಸ್ಟ್ಯಾಂಡ್ ಹತ್ತಿರ ಶ್ರದ್ಧಾಂಜಲಿ ಫ್ಲೆಕ್ಸ್ ಒಂದರಲ್ಲಿ ಇಷ್ಟೇ ಗುಂಡು ಅಕ್ಷರ ನೋಡಿ ಬೇಜಾರಾಯಿತು. ಸತ್ತವರ ಮನೆಯವರು ಅದನ್ನು ಓದುತ್ತಾರೆ, ಅಲ್ವಾ?

ಪ್ರೆಸ್ಸಿನವರು "ಕರ್ವ್ ಮಾಡಿ ಕಳಿಸಿ" ಅಂದಿದ್ದಾರೆ, ಅಂದರೆ ಅಕ್ಷರಗಳನ್ನು ಬರೀ ಚಿತ್ರದ ಗೆರೆಗಳಾಗಿ ಬದಲಿಸಿ ಕಳಿಸಬೇಕು. ಅವರ ಕಂಪ್ಯೂಟರಿನಲ್ಲಿ ಈ ಫಾಂಟ್ ಇಲ್ಲದಿದ್ದರೂ ಆಕಾರ ಕೆಡಬಾರದಲ್ಲ. ಬಣ್ಣ ಮಾತ್ರ ಬಾಕಿ. ಅತ್ತಿಗೆಗೆ ಬಿಳಿ ನೆಲದ ಮೇಲೆ ಹಸಿರು ಇಷ್ಟ. ನಾನು ಮೆಣಸಿನ ಕೆಂಪು ನೆಲ, ಬಿಳಿ ಅಕ್ಷರ ಅಂತ ಹೇಳುತ್ತಿದ್ದೇನೆ. ಸುತ್ತಲಿನ ಶಾಯಿ ಒಳಕ್ಕೆ ಹರಡಿದರೆ ಸಪೂರ ಅಕ್ಷರ ಕರಗಿಹೋಗುತ್ತದೆ, ಇದು ತಡೆದುಕೊಳ್ಳುತ್ತದೆ. ನಾಳೆ ಎರಡರ ಪ್ರಿಂಟೂ ತೆಗೆಸಿ ಬಾಟಲಿಗೆ ಸುತ್ತಿ ತೋರಿಸುತ್ತೇನೆ.