ರೈಲು ಬೋಗಿ ನೋಡಿ ಬಸ್ಸು ಕಟ್ಟಿಸುವ ಮುಂಚೆ

ಕೊಡಗಿನ ಹಾಡಿಗಳಲ್ಲಿ, ಅಂದರೆ ಬುಡಕಟ್ಟು ಜನರ ವಸತಿಗಳಲ್ಲಿ, ನಾವು ನಡೆಸುವ ಆರೋಗ್ಯ ಕ್ಯಾಂಪುಗಳಿಗೆ ಎರಡನೇ ಸಂಚಾರಿ ಕ್ಲಿನಿಕ್ ಗಾಡಿ ಬರುತ್ತದಂತೆ. ಮೇಲಿನವರು ಮೀಟಿಂಗಿನಲ್ಲಿ ರೈಲಿನಲ್ಲೇ ಆಸ್ಪತ್ರೆ ನಡೆಸುವ ಲೈಫ್‌ಲೈನ್ ಎಕ್ಸ್‌ಪ್ರೆಸ್ಸಿನ ಫೋಟೋ ಹಾಕಿ, "ಇಂಥದ್ದೇ ಬೇಕು, ಬಸ್ಸಿನಲ್ಲಿ" ಅನ್ನುತ್ತಾರೆ. ಕೊಡಗಿಗೆ ರೈಲೇ ಇಲ್ಲ; ಕುಶಾಲನಗರದವರೆಗೆ ಬರುತ್ತದೆ ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ಹಾಗಂತ ರೈಲಿನಿಂದ ಕಲಿಯುವುದಿಲ್ಲ ಅಂತಲ್ಲ. ಕಲಿಯಬೇಕಾದದ್ದು ಫೋಟೋದ ಚೌಕಟ್ಟಿನ ಹೊರಗಿದೆ, ಅಷ್ಟೆ.

ಮೊದಲನೇ ಗಾಡಿಯಲ್ಲಿ ಆದದ್ದು ನಮ್ಮವರಿಗೆಲ್ಲ ಗೊತ್ತು. ತಿತಿಮತಿ ಕಡೆಯ ಹಾಡಿ, ಮಳೆಗಾಲ, ಹಲ್ಲಿನ ಕ್ಯಾಂಪ್. ಡಾಕ್ಟರು ಒಬ್ಬ ಅಜ್ಜಿಯ ದವಡೆಹಲ್ಲನ್ನು ಅರ್ಧ ಸಡಿಲಿಸಿದ್ದರು. ಹಿಂದುಗಡೆ ಸಿಸ್ಟರ್ ಉಪಕರಣಗಳನ್ನು ಹಬೆಯಲ್ಲಿ ಶುದ್ಧಮಾಡುವ ಆಟೋಕ್ಲೇವಿಗೆ ಎರಡನೇ ಲೋಡ್ ಹಾಕಿ ಸ್ವಿಚ್ ಒತ್ತಿದರು. ಅದೇ ಹೊತ್ತಿಗೆ ಟ್ಯಾಂಕಿನ ಗಾಳಿಯ ಒತ್ತಡ ಇಳಿದು, ಹಲ್ಲಿನ ಉಪಕರಣಗಳಿಗೆ ಗಾಳಿ ಕೊಡುವ ಕಂಪ್ರೆಸರ್ ತಾನಾಗಿ ಹತ್ತಿಕೊಂಡಿತು. ಜೆನ್‌ಸೆಟ್, ಅಂದರೆ ಗಾಡಿಯ ಜನರೇಟರ್, ಒಂದು ಸಲ ಗೊರಗುಟ್ಟಿ ನಿಂತೇಹೋಯಿತು. ದೀಪವೂ ಇಲ್ಲ, ಬಾಯಿಂದ ರಕ್ತ, ಎಂಜಲು ಎಳೆಯುವ ಸಕ್ಷನ್ನೂ ಇಲ್ಲ, ಬಾಯಲ್ಲಿ ರಕ್ತ ತುಂಬುತ್ತಿದೆ. ಡ್ರೈವರಣ್ಣ ಮೊಬೈಲ್ ಟಾರ್ಚ್ ಹಿಡಿದರು, ಸಿಸ್ಟರ್ ಗಾಜ್ ಬಟ್ಟೆಯ ಮೇಲೆ ಗಾಜ್ ಬಟ್ಟೆ ಒತ್ತುತ್ತಾ ಹೋದರು, ಡಾಕ್ಟರು ಹಲ್ಲು ಮೀಟುವ ಕೈ ಉಪಕರಣ ಎಲಿವೇಟರಿನಲ್ಲೇ ಹಲ್ಲು ಎತ್ತಿದರು. ಅಷ್ಟು ಹೊತ್ತೂ ಅಲುಗದೆ ಕೂತಿದ್ದವರು ಅಜ್ಜಿ ಒಬ್ಬರೇ. ವರದಿಯಲ್ಲಿ ಬಿದ್ದದ್ದು "ಸಿಬ್ಬಂದಿಯ ಅಜಾಗರೂಕತೆ".

ಲೆಕ್ಕ ಹಾಕಿ ನೋಡಿ. 5 ಕೆವಿಎ ಜೆನ್‌ಸೆಟ್ಟಿನಲ್ಲಿ ಸಿಗುವುದು ಹೆಚ್ಚೆಂದರೆ 4 ಕಿಲೋವ್ಯಾಟ್. 22 ಲೀಟರಿನ ಟೇಬಲ್‌ಟಾಪ್ ಆಟೋಕ್ಲೇವ್ ಒಂದೇ 2 ಕಿಲೋವ್ಯಾಟ್ ಎಳೆಯುತ್ತದೆ. 1 ಎಚ್‌ಪಿ ಕಂಪ್ರೆಸರ್ ಓಡುವಾಗ ಮುಕ್ಕಾಲು ಕಿಲೋವ್ಯಾಟ್, ಹತ್ತುವ ಕ್ಷಣದಲ್ಲಿ ಅದರ ನಾಲ್ಕೈದು ಪಟ್ಟು. ಎರಡೂ ಒಟ್ಟಿಗೆ ಹತ್ತಿದರೆ ಯಾರು ಎಷ್ಟು ಜಾಗರೂಕರಾಗಿದ್ದರೂ ಅದು ನಿಲ್ಲುವುದೇ. ಇದು ಕೊಟೇಶನ್ ಹಂತದಲ್ಲೇ ಆದ ತಪ್ಪು. ಹೊಸ ಗಾಡಿಯಲ್ಲಿ ಒಂದು ಹತ್ತಿದರೆ ಇನ್ನೊಂದು ಹತ್ತದ ಹಾಗೆ ತಡೆಯುವ ಸ್ವಿಚ್ಚಿನ ಏರ್ಪಾಡು (ಕಾಂಟ್ಯಾಕ್ಟರ್ ಇಂಟರ್‌ಲಾಕ್) ಇರಲಿ. ರೋಗಿ ಕೂರುವ ಹಲ್ಲಿನ ಚೇರಿನ ದೀಪ ಮತ್ತು ಸಕ್ಷನ್ ಬೇರೆ ಇನ್ವರ್ಟರ್, ಬೇರೆ ಬ್ಯಾಟರಿಯ ಮೇಲಿರಲಿ.

ರೈಲಿನವರಿಗೆ ಈ ತಲೆನೋವು ಇರಲಿಲ್ಲವೇ? ಇತ್ತು. ಚೆನ್ನೈನ ಬೋಗಿ ಕಾರ್ಖಾನೆ ಐಸಿಎಫ್ ಮಾದರಿಯ ನಮ್ಮ ಹಳೆಯ ಸ್ಲೀಪರ್ ಬೋಗಿಗೆ ಕರೆಂಟು ಬರುವುದು ಚಕ್ರದ ಅಚ್ಚಿನಿಂದ ತಿರುಗುವ 4.5 ಕಿಲೋವ್ಯಾಟ್ ಆಲ್ಟರ್ನೇಟರಿನಿಂದ, 110 ವೋಲ್ಟ್ ಡಿಸಿ. ಬೋಗಿ ನಿಂತರೆ ಅದೂ ನಿಂತಿತು. ಆಮೇಲೆ 120 ಆಂಪಿಯರ್-ಅವರ್ ಬ್ಯಾಟರಿ ಫ್ಯಾನು, ದೀಪಕ್ಕೆ ಒಂದಷ್ಟು ಹೊತ್ತು ಎಳೆಯಬಹುದು, ಆಪರೇಷನ್ ಥಿಯೇಟರಿಗಲ್ಲ. ಅಂದರೆ ಆಸ್ಪತ್ರೆ ನಡೆಸಬೇಕಾದ ಬೋಗಿ ಕೆಲಸ ಮಾಡುವುದು ನಿಂತಾಗ, ಅದರ ಸ್ವಂತ ಕರೆಂಟು ಹುಟ್ಟುವುದು ಓಡುವಾಗ. ಹಾಗಾಗಿ ಪವರ್ ಕಾರ್ (ಜನರೇಟರ್ ಇರುವ ಬೋಗಿ) ಅಥವಾ ಸ್ಟೇಷನ್ನಿನ ಸಪ್ಲೈ ಇಲ್ಲದೆ ಯಾವ ರೈಲಾಸ್ಪತ್ರೆಯೂ ನಡೆಯುವುದಿಲ್ಲ.

1991ರ ಜುಲೈ 16ರಂದು ಇಂಪ್ಯಾಕ್ಟ್ ಇಂಡಿಯಾ ಫೌಂಡೇಶನ್ ರೈಲ್ವೆಯ ಜೊತೆ ಸೇರಿ ಲೈಫ್‌ಲೈನ್ ಎಕ್ಸ್‌ಪ್ರೆಸ್ ಶುರು ಮಾಡಿದಾಗ ಇದ್ದದ್ದು ಬದಲಾಯಿಸಿದ ಮೂರೇ ಬೋಗಿ, ಬೆಳೆದು ಏಳಾಯಿತು. ಕಣ್ಣಿನ ಪೊರೆ, ಸೀಳುತುಟಿ, ಪೋಲಿಯೋದಿಂದ ಸೊಟ್ಟಗಾದ ಕಾಲು, ಕಿವಿ ಎಲ್ಲದಕ್ಕೂ ಅಲ್ಲಿ ಆಪರೇಷನ್ ಆಗುತ್ತದೆ. ಅದು ಸಾಧ್ಯವಾಗುವುದು ಒಂದೇ ಸ್ಟೇಷನ್ನಿನಲ್ಲಿ ವಾರಗಟ್ಟಲೆ ಬೀಡುಬಿಡುವುದರಿಂದ. ಮೊದಲೇ ಊರೂರಲ್ಲಿ ರೋಗಿಗಳನ್ನು ಗುರುತಿಸಿ, ಆಪರೇಷನ್ ಆದವರನ್ನು ಆಮೇಲೆ ನೋಡಿಕೊಳ್ಳಲು ಸ್ಥಳೀಯ ಆಸ್ಪತ್ರೆ ಗೊತ್ತುಮಾಡಿರುತ್ತಾರೆ. ದಕ್ಷಿಣ ಆಫ್ರಿಕಾದ ಆಸ್ಪತ್ರೆ ರೈಲು ಫೆಲೋಫೆಪಾ ಕೂಡ 1994ರಲ್ಲಿ ಮೂರು ಬೋಗಿಯ ಕಣ್ಣಿನ ಕ್ಲಿನಿಕ್ಕಾಗಿ ಹೊರಟದ್ದೇ.

ನನ್ನ ಮೆಚ್ಚಿನದು ಕೆನಡಾದ ಶಾಲಾ ಬೋಗಿ. ಉತ್ತರ ಒಂಟಾರಿಯೋದ ಕಾಡಿನಲ್ಲಿ ಹಳಿ ಕೆಲಸದವರ, ಬೇಟೆಯವರ ಮಕ್ಕಳಿಗಾಗಿ 1926ರಲ್ಲಿ ಶುರುವಾಗಿ 1967ರವರೆಗೆ ನಡೆಯಿತು. ಅರ್ಧ ಬೋಗಿ ತರಗತಿ, ಇನ್ನರ್ಧ ಮೇಷ್ಟ್ರ ಸಂಸಾರ. ಗೂಡ್ಸ್ ರೈಲು ಎಳೆದು ತಂದು ಸೈಡಿಂಗಿನಲ್ಲಿ, ಅಂದರೆ ಬೋಗಿ ನಿಲ್ಲಿಸುವ ಪಕ್ಕದ ಹಳಿಯಲ್ಲಿ, ಬಿಟ್ಟು ಹೋಗುತ್ತಿತ್ತು. ಕೆಲವು ದಿನ ಪಾಠ, ಮತ್ತೆ ಬೋಗಿ ಬರುವವರೆಗೆ ಸಾಕಾಗುವಷ್ಟು ಹೋಂವರ್ಕ್. ಫ್ರೆಡ್ ಸ್ಲೋಮನ್ ಅನ್ನುವ ಮೇಷ್ಟ್ರು ಹೆಂಡತಿ ಮಕ್ಕಳ ಜೊತೆ ಇದರಲ್ಲೇ ದಶಕಗಳನ್ನು ಕಳೆದರು. ನಮ್ಮ ಬಿಪಿ, ಶುಗರ್ ರೋಗಿಗಳಿಗೂ ಇದೇ ಲೆಕ್ಕ: ಗಾಡಿ ಮತ್ತೆ ಬರುವ ತಾರೀಖಿನವರೆಗೆ ಮಾತ್ರೆ, ಅದರ ಮೇಲೆ ಒಂದು ವಾರದ್ದು ಹೆಚ್ಚಿಗೆ. ಮಳೆಗೆ ಮರ ಬಿದ್ದರೆ ಆ ವಾರ ಬೇಕಾಗುತ್ತದೆ.

ಬೋಗಿ ಬದಲಾಯಿಸುವುದು ದೊಡ್ಡ ವಿಷಯವಲ್ಲ ಅನ್ನುವುದು 2020ರಲ್ಲಿ ಗೊತ್ತಾಯಿತು. ಕೋವಿಡ್ಡಿಗೆ ರೈಲ್ವೆ ಐದು ಸಾವಿರಕ್ಕೂ ಹೆಚ್ಚು ಬೋಗಿ ಸಿದ್ಧಮಾಡಿತು: ನಡುವಿನ ಬರ್ತ್ ಕಳಚಿ, ಒಂದು ಶೌಚಾಲಯವನ್ನು ಬಚ್ಚಲು ಮಾಡಿ, ಪರದೆ, ಸೊಳ್ಳೆಪರದೆ, ಆಕ್ಸಿಜನ್ ಸಿಲಿಂಡರ್. ಸೋಂಕಿನ ಗಾಳಿ ಒಳಗೇ ಸುತ್ತಬಾರದೆಂದು ಎಸಿ ಇಲ್ಲದ ಬೋಗಿ ಆರಿಸಿದರು. ಬೇಸಿಗೆಯಲ್ಲಿ ತಗಡಿನ ಪೆಟ್ಟಿಗೆ ಕಾದು, ಛಾವಣಿಗೆ ಶಾಖ ತಡೆಯುವ ಬಣ್ಣ, ಕೂಲರ್ ಅಂತ ಪರದಾಡಬೇಕಾಯಿತು. ಬಹುಪಾಲು ಬೋಗಿಗಳಿಗೆ ರೋಗಿಯೇ ಬರಲಿಲ್ಲ.

ಈಗ ನಮ್ಮ ಬಸ್ಸು. ಬೋಗಿಯ ಅಗಲ 3.2 ಮೀಟರ್, ಸಣ್ಣ ಬಸ್ಸಿನ ಒಳಗಡೆ ಎರಡೂಕಾಲು ಮೀಟರ್ ಸಿಕ್ಕರೆ ಪುಣ್ಯ. ಚೇರನ್ನು ಉದ್ದಕ್ಕೇ ಹಾಕಬೇಕು, ಅಡ್ಡ ಹಾಕಿದರೆ ಸಿಸ್ಟರ್ ನಿಲ್ಲಲು ಜಾಗವಿಲ್ಲ. ನೀರು 300 ಲೀಟರ್ ಅಂದರೆ 300 ಕಿಲೋ. ಹಿಂಬದಿಯ ಅಚ್ಚಿಗಿಂತ ಮುಂದೆ, ಎರಡೂ ಬದಿಗೆ ಹಂಚಿ, ಟ್ಯಾಂಕಿನೊಳಗೆ ತಡೆಹಲಗೆ ಹಾಕಿಸಿ, ಇಲ್ಲದಿದ್ದರೆ ತಿರುವಿನಲ್ಲಿ ಗಾಡಿ ವಾಲುತ್ತದೆ. ಕೊಳೆನೀರಿನ ಟ್ಯಾಂಕು ಒಳ್ಳೆ ನೀರಿನದಕ್ಕಿಂತ ದೊಡ್ಡದಿರಬೇಕು. ಕೊಟೇಶನ್ನಿನಲ್ಲಿ ಯಾವಾಗಲೂ ಚಿಕ್ಕದು ಬರೆದಿರುತ್ತಾರೆ, ಕ್ಯಾಂಪ್ ಮುಗಿಯುವ ಮೊದಲೇ ತುಂಬಿ ಸಿಂಕಿಗೆ ವಾಪಸ್ ಬರುತ್ತದೆ. ಜಾಕಿನ ಕೆಳಗೆ ಒಂದಡಿ ಚದರದ ಮರದ ಹಲಗೆ ಇಲ್ಲದಿದ್ದರೆ ಮಳೆಗಾಲದ ಕೆಂಪು ಮಣ್ಣಿನಲ್ಲಿ ಒಂದು ಮೂಲೆ ಕೂತು ಚೇರು ವಾಲುತ್ತದೆ.

ಅದಕ್ಕಿಂತ ಮುಖ್ಯ ನಮ್ಮ ಸೈಡಿಂಗ್, ಅಂದರೆ ಗಾಡಿ ನಿಲ್ಲುವ ಜಾಗ. ಪ್ರತಿ ಕ್ಯಾಂಪ್ ಜಾಗದಲ್ಲೂ 10 ಮೀಟರ್ ಉದ್ದ, ಮೂರೂವರೆ ಮೀಟರ್ ಅಗಲದ ಕಾಂಕ್ರೀಟ್ ಹಾಸು, ಒಂದು 32 ಆಂಪಿಯರ್ ಸಾಕೆಟ್, ಅರ್ತಿಂಗ್ ಗುಂಡಿ, ಒಂದು ನಲ್ಲಿ. ಅಂಗನವಾಡಿಯ ಪಕ್ಕದಲ್ಲಿ ಮಾಡಿದರೆ ಕಾಯುವವರಿಗೆ ನೆರಳೂ ಸಿಗುತ್ತದೆ. ಸಾಕೆಟ್ ಇರುವ ಕಡೆ ಜೆನ್‌ಸೆಟ್ ಬರೀ ಸ್ಟ್ಯಾಂಡ್‌ಬೈ. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಬೆಳಿಗ್ಗೆ ಹತ್ತಕ್ಕೆ ಹೋದರೆ ಹಾಡಿಯಲ್ಲೂ ತೋಟದ ಕೂಲಿಗಳ ಲೈನ್ ಮನೆಯಲ್ಲೂ ಮುದುಕರು, ಮಕ್ಕಳು ಬಿಟ್ಟರೆ ಯಾರೂ ಇರುವುದಿಲ್ಲ. ಸಂಜೆಗೆ ಇಡೋಣವೆಂದರೆ ಆನೆ ದಾರಿ. ಆ ತಿಂಗಳು ಭಾನುವಾರ ಹೋಗಬೇಕು, ಸಿಬ್ಬಂದಿಗೆ ಬದಲಿ ರಜೆ ಕೊಡಬೇಕು.

ಹೊಸ ಗಾಡಿಯ ಅಂದಾಜುಪಟ್ಟಿ ಬಂದಿದೆ. ಹೊರಮೈ ಗ್ರಾಫಿಕ್ಸಿಗೆ, ಒಳಗಡೆ ಟಿವಿಗೆ ದುಡ್ಡಿದೆ. ಹಾಸು, ಸಾಕೆಟ್ಟಿನ ಸಾಲೇ ಇಲ್ಲ. ಸಹಿ ಹಾಕುವ ಮುಂಚೆ ಡ್ರೈವರಣ್ಣನನ್ನೂ ಸಿಸ್ಟರನ್ನೂ ಕೂರಿಸಿ ಆ ಪಟ್ಟಿ ಒಮ್ಮೆ ಓದಿಸಿ. ಜೂನ್ ಹತ್ತಿರ ಬಂದರೆ ಹಾಡಿ ದಾರಿಯಲ್ಲಿ ಕಾಂಕ್ರೀಟ್ ಲಾರಿ ಹೋಗುವುದಿಲ್ಲ.